ಉಯಿಲಿನಲ್ಲಿ ವೈದ್ಯಕೀಯ ಸಂಶೋಧನೆಗೊಂದು ಪಾಲು: ಆ ವಾಕ್ಯವನ್ನು ಹೇಗೆ ಬರೆಯಬೇಕು?

ನನ್ನ ದೊಡ್ಡಮ್ಮ ತೀರಿಕೊಂಡು ಮೂರು ತಿಂಗಳಾದ ಮೇಲೆ ಅವರ ಉಯಿಲು ಸಿಕ್ಕಿತು. ಅದೂ ಎಲ್ಲಿ? ದೊಡ್ಡಪ್ಪನ ಹಳೇ ಎಕ್ಸ್‌ರೇ ಕವರಿನೊಳಗೆ. ಗೆರೆ ಹಾಕಿದ ಒಂದೇ ಹಾಳೆ, ನೀಲಿ ಶಾಯಿ, ಕೆಳಗೆ ಅವರ ಸಹಿ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳ ಸಹಿ. ಮನೆ ಯಾರಿಗೆ, ಒಡವೆ ಯಾರಿಗೆ ಅಂತೆಲ್ಲ ಸ್ಪಷ್ಟವಾಗಿ ಬರೆದಿದ್ದರು. ಕೊನೆಯಲ್ಲಿ ಒಂದು ವಾಕ್ಯ ಇತ್ತು: "ಕಿಡ್ನಿ ಕಾಯಿಲೆಗೆ ಔಷಧಿ ಹುಡುಕುವವರಿಗೆ ನನ್ನ ದುಡ್ಡಿನಲ್ಲಿ ಐದನೇ ಒಂದು ಪಾಲು ಕೊಡಿ."

ದೊಡ್ಡಪ್ಪ ಹೋಗಿದ್ದು ಅದೇ ಕಾಯಿಲೆಯಲ್ಲಿ. ಡಯಾಲಿಸಿಸ್ ಮಂಚದ ಪಕ್ಕದ ಕುರ್ಚಿಯಲ್ಲಿ ದೊಡ್ಡಮ್ಮ ಆರು ವರ್ಷ ಕೂತಿದ್ದರು.

ಆ ವಾಕ್ಯ ಓದಿದಾಗ ನಮಗೆಲ್ಲ ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿಗೆ ಪ್ರಶ್ನೆಗಳು ಶುರುವಾದವು. ಔಷಧಿ ಹುಡುಕುವವರು ಅಂದರೆ ಯಾರು? ಆಸ್ಪತ್ರೆಯಾ, ವಿಶ್ವವಿದ್ಯಾಲಯವಾ, ಔಷಧಿ ಕಂಪನಿಯಾ? "ನನ್ನ ದುಡ್ಡು" ಅಂದರೆ ಬ್ಯಾಂಕಿನಲ್ಲಿ ಇದ್ದಿದ್ದು ಮಾತ್ರವಾ, ಮನೆಯ ಬೆಲೆಯೂ ಸೇರುತ್ತಾ? ಐದನೇ ಒಂದು ಪಾಲು ಲೆಕ್ಕ ಹಾಕೋದು ಸಾಲ ತೀರಿಸುವ ಮುಂಚೆಯಾ, ಆಮೇಲಾ? ಕೇಳೋಣ ಅಂದರೆ ಅವರೇ ಇಲ್ಲ. ಕೊನೆಗೆ ಮನೆಯವರೆಲ್ಲ ಕೂತು, ಮಾತಾಡಿ, ಒಂದು ಸಂಶೋಧನಾ ಸಂಸ್ಥೆಯನ್ನು ಆರಿಸಿ, ಎಲ್ಲರೂ ಒಪ್ಪಿದ್ದೇವೆ ಅಂತ ಬರೆದು ಸಹಿ ಹಾಕುವಷ್ಟರಲ್ಲಿ ಒಂದು ವರ್ಷದ ಮೇಲಾಗಿತ್ತು. ನಮ್ಮ ಮನೆಯವರು ಒಪ್ಪಿದರು, ಸರಿ. ಒಪ್ಪದೇ ಇದ್ದಿದ್ದರೆ ವಿಷಯ ಕೋರ್ಟಿಗೆ ಹೋಗುತ್ತಿತ್ತು.

ಇದನ್ನೆಲ್ಲ ಹೇಳಿದ್ದು ಯಾಕೆ ಅಂದರೆ, ಉಯಿಲಿನಲ್ಲಿ ಸಂಶೋಧನೆಗೆ ಹಣ ಬಿಡಬೇಕು ಅನ್ನುವ ಆಸೆ ಬಹಳ ಜನರಿಗೆ ಇದೆ. ಒಂದು ಕಾಯಿಲೆಯನ್ನು ಹತ್ತಿರದಿಂದ ನೋಡಿದವರಿಗಂತೂ ಖಂಡಿತ ಇರುತ್ತದೆ. ಕಷ್ಟ ಇರೋದು ಆ ಆಸೆಯನ್ನು ಹಾಳೆಗೆ ಇಳಿಸೋದರಲ್ಲಿ. ಈ ಒಂದು ವಾಕ್ಯವನ್ನು ನಾವು ಇವತ್ತು ಬರೆಯುತ್ತೇವೆ, ಅದು ಕೆಲಸ ಮಾಡೋದು ನಾವು ನೋಡದ ಯಾವುದೋ ವರ್ಷದಲ್ಲಿ. ಅಷ್ಟರಲ್ಲಿ ಹಣದ ಬೆಲೆ ಬದಲಾಗಿರುತ್ತದೆ, ಸಂಸ್ಥೆಗಳ ಹೆಸರು ಬದಲಾಗಿರುತ್ತದೆ, ವಿಜ್ಞಾನವಂತೂ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಯಾರಿಗೆ ಅನ್ನೋದನ್ನು ಬಿಗಿಯಾಗಿ ಬರೆಯಿರಿ, ಯಾತಕ್ಕೆ ಅನ್ನೋದನ್ನು ಸಡಿಲವಾಗಿ ಬರೆಯಿರಿ. ಜನ ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತಾರೆ.

ಮೊದಲು ಎಷ್ಟು ಕೊಡೋದು ಅನ್ನುವ ವಿಷಯ ನೋಡೋಣ. ಎರಡು ದಾರಿ ಇವೆ. ಇಷ್ಟು ಹಣ ಅಂತ ಒಂದು ಮೊತ್ತ ಬರೆಯಬಹುದು. ಇಲ್ಲವೇ ಉಳಿಯುವ ಆಸ್ತಿಯಲ್ಲಿ ಇಷ್ಟು ಪಾಲು ಅಂತ ಬರೆಯಬಹುದು. ಮೊತ್ತ ಬರೆಯೋದು ಸುಲಭ, ಸ್ಪಷ್ಟ ಅನ್ನಿಸುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ಶೇಕಡಾ 5ರಷ್ಟು ಏರುತ್ತಾ ಹೋದರೆ, ಇವತ್ತು ಬರೆದ 100 ಇಪ್ಪತ್ತು ವರ್ಷದ ಮೇಲೆ ಸುಮಾರು 38ರಷ್ಟು ಕೆಲಸ ಮಾತ್ರ ಮಾಡುತ್ತದೆ. ಉಯಿಲು ಬರೆದು ಇಪ್ಪತ್ತು ವರ್ಷ ಬದುಕೋದು ಏನೂ ದೊಡ್ಡ ವಿಷಯವಲ್ಲ, ಅಲ್ವಾ?

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಉಯಿಲು ಜಾರಿಯಾಗುವಾಗ ಒಂದು ಕ್ರಮ ಇರುತ್ತದೆ. ಮೊದಲು ಸಾಲ, ಅಂತ್ಯಕ್ರಿಯೆಯ ಖರ್ಚು, ತೆರಿಗೆ ಕಳೆಯುತ್ತಾರೆ. ಆಮೇಲೆ ಇಂಥ ವಸ್ತು ಇಂಥವರಿಗೆ, ಇಷ್ಟು ಮೊತ್ತ ಇಂಥವರಿಗೆ ಎಂದು ಬರೆದದ್ದನ್ನು ಕೊಡುತ್ತಾರೆ. ಇದೆಲ್ಲ ಆಗಿ ಉಳಿಯೋದು ಶೇಷ ಆಸ್ತಿ. ಗಂಡ, ಹೆಂಡತಿ, ಮಕ್ಕಳಿಗೆ ಸಾಮಾನ್ಯವಾಗಿ ಸೇರೋದು ಈ ಶೇಷ. ಅಂದರೆ ಆಸ್ತಿ ಕರಗಿದರೆ ಪೆಟ್ಟು ಮೊದಲು ಬೀಳೋದು ಮನೆಯವರಿಗೆ, ಮೊತ್ತ ಬರೆಸಿಕೊಂಡ ಸಂಸ್ಥೆಗಲ್ಲ.

ಒಂದು ಲೆಕ್ಕ ಮಾಡಿ ನೋಡಿ. ಬರೆಯುವಾಗ ನಿಮ್ಮ ಆಸ್ತಿ 100 ಇತ್ತು, ಅದರಲ್ಲಿ 20 ಸಂಶೋಧನೆಗೆ ಅಂತ ಮೊತ್ತ ಹಾಕಿದಿರಿ. ಕೊನೆಗಾಲದಲ್ಲಿ ವರ್ಷಗಟ್ಟಲೆ ಕಾಯಿಲೆ ಬಂದು ಆಸ್ತಿ 40ಕ್ಕೆ ಇಳಿಯಿತು. ಸಂಸ್ಥೆಗೆ 20 ಹೋಗುತ್ತದೆ, ಮನೆಯವರಿಗೆ ಬರೀ 20 ಉಳಿಯುತ್ತದೆ. ಅದೇ ಶೇಷದಲ್ಲಿ ಶೇಕಡಾ 20 ಅಂತ ಬರೆದಿದ್ದರೆ ಸಂಸ್ಥೆಗೆ 8, ಮನೆಯವರಿಗೆ 32. ಆಸ್ತಿ 300ಕ್ಕೆ ಬೆಳೆದಿದ್ದರೆ? ಮೊತ್ತ ಬರೆದಿದ್ದರೆ ಆಗಲೂ ಸಂಸ್ಥೆಗೆ ಅದೇ 20. ಪಾಲು ಬರೆದಿದ್ದರೆ 60. ಹಾಗಾಗಿ ನಾನು ಯಾರು ಕೇಳಿದರೂ ಪಾಲು ಬರೆಯಿರಿ ಅಂತಲೇ ಹೇಳುತ್ತೇನೆ. ಮನೆಯವರಿಗೆ ಅನ್ಯಾಯ ಆಗಬಾರದು ಅನ್ನೋರಿಗೂ ಅದೇ ಒಳ್ಳೇದು, ಸಂಶೋಧನೆಗೆ ಆದಷ್ಟು ಜಾಸ್ತಿ ಹೋಗಲಿ ಅನ್ನೋರಿಗೂ ಅದೇ ಒಳ್ಳೇದು. ಮೊತ್ತ ಬರೆಯುವ ಹಟ ಇದ್ದರೆ, ಬೆಲೆಯೇರಿಕೆಗೆ ತಕ್ಕಂತೆ ಅದೂ ಏರಲಿ ಅಂತ ಒಂದು ಸಾಲು ಸೇರಿಸಿ.

ಈಗ ಯಾರಿಗೆ ಅನ್ನೋದು. ಆಲ್ಫ್ರೆಡ್ ನೊಬೆಲ್ ಅವರ ಉಯಿಲಿಗಿಂತ ಒಳ್ಳೆ ಪಾಠ ಇದಕ್ಕೆ ಇಲ್ಲ. 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಅವರು ಆ ಉಯಿಲಿಗೆ ಸಹಿ ಹಾಕಿದರು. ವಕೀಲರ ಮೇಲೆ ನಂಬಿಕೆ ಇರಲಿಲ್ಲ, ತಾವೇ ಕೈಯಾರೆ ಬರೆದಿದ್ದರು. ವೈದ್ಯಕೀಯದ ಬಹುಮಾನವನ್ನು ಸ್ಟಾಕ್‌ಹೋಮ್‌ನ ಕ್ಯಾರೋಲಿನ್ಸ್ಕಾ ಸಂಸ್ಥೆ ಕೊಡಬೇಕು ಅಂತ ಬರೆದರು. ಆದರೆ ಆ ಸಂಸ್ಥೆಯನ್ನು ಮೊದಲು ಕೇಳಿರಲಿಲ್ಲ. ಅಷ್ಟೇ ಅಲ್ಲ, ಇಡೀ ಹಣಕ್ಕೆ ಒಡೆಯರು ಯಾರು ಅನ್ನೋದನ್ನೇ ಬರೆದಿರಲಿಲ್ಲ. ಒಂದು ನಿಧಿ ಮಾಡಿ ಅಂದರು, ಆ ನಿಧಿಯನ್ನು ಇಟ್ಟುಕೊಳ್ಳುವ ಸಂಸ್ಥೆಯೇ ಆಗ ಇರಲಿಲ್ಲ. 1896ರ ಡಿಸೆಂಬರ್ 10ರಂದು ಅವರು ತೀರಿಕೊಂಡರು. ಉಯಿಲು ಜಾರಿ ಮಾಡುವ ಹೊಣೆ ಬಿದ್ದ ಇಬ್ಬರಲ್ಲಿ ಒಬ್ಬರು ರಾಗ್ನರ್ ಸೋಲ್ಮನ್, ಆಗ ಅವರಿಗೆ 26 ವರ್ಷ. ಸಂಬಂಧಿಕರಲ್ಲಿ ಕೆಲವರು ಉಯಿಲನ್ನೇ ಪ್ರಶ್ನಿಸಿದರು. ನೊಬೆಲ್ ಯಾವ ದೇಶದ ನಿವಾಸಿ, ಯಾವ ಕೋರ್ಟು ಇದನ್ನು ನೋಡಬೇಕು ಅನ್ನೋದೇ ದೊಡ್ಡ ತಕರಾರಾಯಿತು. ಫ್ರಾನ್ಸಿನಲ್ಲಿ ಹಣ ಸಿಕ್ಕಿಹಾಕಿಕೊಳ್ಳಬಾರದು ಅಂತ ಸೋಲ್ಮನ್ ಷೇರು ಪತ್ರ, ಬಾಂಡುಗಳನ್ನೆಲ್ಲ ಪೆಟ್ಟಿಗೆಯಲ್ಲಿ ತುಂಬಿ, ಕೈಯಲ್ಲಿ ರಿವಾಲ್ವರ್ ಹಿಡಿದುಕೊಂಡು ಕುದುರೆ ಗಾಡಿಯಲ್ಲಿ ಪ್ಯಾರಿಸ್ಸಿನ ಬೀದಿಗಳಲ್ಲಿ ಸಾಗಿಸಿದರು. ಕೊನೆಗೆ ನೊಬೆಲ್ ಪ್ರತಿಷ್ಠಾನ ಹುಟ್ಟಿದ್ದು 1900ರಲ್ಲಿ. ಮೊದಲ ವೈದ್ಯಕೀಯ ಬಹುಮಾನ 1901ರಲ್ಲಿ, ಡಿಫ್ತೀರಿಯಾಕ್ಕೆ ಸೀರಮ್ ಚಿಕಿತ್ಸೆ ಕೊಟ್ಟ ಎಮಿಲ್ ಫಾನ್ ಬೇರಿಂಗ್ ಅವರಿಗೆ ಸಿಕ್ಕಿತು.

ಅಷ್ಟು ಶ್ರದ್ಧೆಯ ಒಬ್ಬ ಸೋಲ್ಮನ್ ಇದ್ದಿದ್ದಕ್ಕೆ ಆ ಆಸೆ ಉಳಿಯಿತು. ನಮ್ಮ ನಿಮ್ಮ ಉಯಿಲಿಗೆ ಅಂಥವರು ಸಿಗುತ್ತಾರೆ ಅಂತ ಏನು ಗ್ಯಾರಂಟಿ? ಅದಕ್ಕೇ ಸಂಸ್ಥೆಯ ಪೂರ್ತಿ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ವಿಳಾಸ ಮೂರನ್ನೂ ಬರೆಯಬೇಕು. ಬಾಯಲ್ಲಿ ಕರೆಯುವ ಹೆಸರು ಸಾಲದು. ಒಂದೇ ಥರದ ಹೆಸರಿನ ಸಂಸ್ಥೆಗಳು ಎಷ್ಟೋ ಇವೆ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೆಸರಿನಲ್ಲಿ ಕಾಯಿಲೆಯ ಹೆಸರಿದ್ದ ಮಾತ್ರಕ್ಕೆ ಆ ಸಂಸ್ಥೆ ಸಂಶೋಧನೆ ಮಾಡುತ್ತದೆ ಅಂತಲ್ಲ. ಕೆಲವು ಸಂಸ್ಥೆಗಳು ರೋಗಿಗಳಿಗೆ ನೆರವಾಗುತ್ತವೆ, ಕೆಲವು ಜನರಿಗೆ ತಿಳಿವಳಿಕೆ ಕೊಡುತ್ತವೆ, ಕೆಲವು ಆಸ್ಪತ್ರೆ ನಡೆಸುತ್ತವೆ. ಎಲ್ಲವೂ ಒಳ್ಳೆ ಕೆಲಸಗಳೇ. ಆದರೆ ನಿಮ್ಮ ಆಸೆ ಸಂಶೋಧನೆಯಾದರೆ ಅವರ ವಾರ್ಷಿಕ ಲೆಕ್ಕಪತ್ರ ತೆಗೆದು, ಸಂಶೋಧನೆಗೆ ನಿಜವಾಗಿ ಎಷ್ಟು ಹೋಗಿದೆ ನೋಡಿ. ಯಾವ ಯೋಜನೆಗೆ ಹಣ ಕೊಡಬೇಕು ಅಂತ ತೀರ್ಮಾನ ಮಾಡೋರು ಯಾರು ಅಂತ ಕೇಳಿ. ಹೊರಗಿನ ಪರಿಣತರು ಅರ್ಜಿಗಳನ್ನು ಓದಿ ಅಳೆಯುವ ಪದ್ಧತಿ ಇದ್ದರೆ ಒಳ್ಳೆಯ ಲಕ್ಷಣ. ನಾನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ: ಫಲ ಕೊಡದ ಪ್ರಯೋಗಗಳ ಫಲಿತಾಂಶವನ್ನೂ ಪ್ರಕಟಿಸುತ್ತೀರಾ? ಈ ದಾರಿಯಲ್ಲಿ ಏನೂ ಇಲ್ಲ ಅಂತ ಗೊತ್ತಾಗೋದೂ ಸಂಶೋಧನೆಯೇ. ಅದನ್ನು ಮುಚ್ಚಿಟ್ಟರೆ ಇನ್ನೊಬ್ಬರು ಅದೇ ಹಣವನ್ನು ಮತ್ತೆ ಅಲ್ಲೇ ಸುರಿಯುತ್ತಾರೆ.

ಇನ್ನು ಯಾತಕ್ಕೆ ಅನ್ನೋದು. ಇದನ್ನು ಯಾಕೆ ಸಡಿಲ ಬಿಡಬೇಕು ಅಂತ ಒಂದು ಉದಾಹರಣೆಯಿಂದ ಹೇಳುತ್ತೇನೆ. 1928ರಲ್ಲಿ ಅಮೆರಿಕದಲ್ಲಿ ಐರನ್ ಲಂಗ್ ಅನ್ನುವ ಯಂತ್ರ ಬಂತು. ಪೋಲಿಯೊದಿಂದ ಉಸಿರಾಟದ ಸ್ನಾಯುಗಳು ಸೋತುಹೋದ ಮಕ್ಕಳನ್ನು ದೊಡ್ಡ ಲೋಹದ ಕೊಳವೆಯೊಳಗೆ ಮಲಗಿಸುತ್ತಿದ್ದರು. ತಲೆ ಮಾತ್ರ ಹೊರಗೆ. ಒಳಗಿನ ಗಾಳಿಯ ಒತ್ತಡ ಇಳಿದಾಗ ಎದೆ ಉಬ್ಬುತ್ತಿತ್ತು, ಏರಿದಾಗ ಕುಗ್ಗುತ್ತಿತ್ತು. ಎಷ್ಟೋ ಮಕ್ಕಳ ಜೀವ ಉಳಿಯಿತು. ಈಗ ನೀವೇ ಆ ಕಾಲದಲ್ಲಿದ್ದೀರಿ ಅಂದುಕೊಳ್ಳಿ. ನಿಮ್ಮ ಮಗು ಆ ಕೊಳವೆಯೊಳಗೆ ಮಲಗಿದೆ. ಉಯಿಲಿನಲ್ಲಿ ಏನು ಬರೆಯುತ್ತೀರಿ? "ಈ ಯಂತ್ರಗಳನ್ನು ಕೊಳ್ಳಲು ಮಾತ್ರ" ಅಂತ ಬರೆಯಬೇಕು ಅನ್ನಿಸೋದು ಸಹಜ. ಆದರೆ 1955ರಲ್ಲಿ ಸಾಲ್ಕ್ ಲಸಿಕೆ ಬಂತು. ಪೋಲಿಯೊ ವಾರ್ಡುಗಳು ಖಾಲಿಯಾಗುತ್ತಾ ಹೋದವು. "ಮಾತ್ರ" ಅನ್ನುವ ಆ ಒಂದು ಪದ ಹಣವನ್ನು ಬೇಡವಾದ ಯಂತ್ರಕ್ಕೆ ಕಟ್ಟಿಹಾಕಿಬಿಡುತ್ತಿತ್ತು.

ಇಂಥ ಹೊತ್ತಲ್ಲಿ ಏನಾಗುತ್ತದೆ? ಇಂಗ್ಲಿಷ್ ಕಾನೂನಿನ ಪದ್ಧತಿ ಇರುವ ದೇಶಗಳಲ್ಲಿ ಸೈ-ಪ್ರೆ ಅನ್ನುವ ನಿಯಮ ಇದೆ. ಬರೆದವರ ಉದ್ದೇಶ ನಡೆಸೋದು ಸಾಧ್ಯವೇ ಇಲ್ಲ ಅಂತಾದರೆ ಅದಕ್ಕೆ ಆದಷ್ಟು ಹತ್ತಿರದ ಇನ್ನೊಂದು ಕೆಲಸಕ್ಕೆ ಆ ಹಣ ಬಳಸಲು ಅನುಮತಿ ಕೊಡಬಹುದು. ಒಳ್ಳೆ ನಿಯಮವೇ. ಆದರೆ ಅದಕ್ಕೆ ಅರ್ಜಿ ಹಾಕಬೇಕು, ವಕೀಲರಿಗೆ ಖರ್ಚು ಮಾಡಬೇಕು, ಕಾಯಬೇಕು. ಆ ಕೆಲಸವನ್ನು ನೀವೇ ಒಂದು ಸಾಲಿನಲ್ಲಿ ಮಾಡಿಡಬಹುದು.

ಸಂಶೋಧನೆಯ ದಾರಿ ಎಷ್ಟು ಉದ್ದ ಅನ್ನೋದನ್ನೂ ನೆನಪಲ್ಲಿಡಿ. ಕಾಟಲಿನ್ ಕಾರಿಕೊ ಮತ್ತು ಡ್ರೂ ವೈಸ್‌ಮನ್ ಅನ್ನುವ ವಿಜ್ಞಾನಿಗಳು ಎಮ್‌ಆರ್‌ಎನ್‌ಎ (ಯಾವ ಪ್ರೋಟೀನ್ ಮಾಡಬೇಕು ಅಂತ ಜೀವಕೋಶಕ್ಕೆ ಸೂಚನೆ ಒಯ್ಯುವ ಅಣು) ಬಗ್ಗೆ ತಮ್ಮ ಮುಖ್ಯ ಲೇಖನ ಪ್ರಕಟಿಸಿದ್ದು 2005ರಲ್ಲಿ. ಅದರ ಮೇಲೆ ನಿಂತ ಕೋವಿಡ್ ಲಸಿಕೆ ಜನರ ತೋಳಿಗೆ ಬಂದಿದ್ದು 2020ರ ಕೊನೆಗೆ. ಅದಕ್ಕೂ ಮುಂಚೆ ಎಷ್ಟೋ ವರ್ಷ ಕಾರಿಕೊ ಅವರಿಗೆ ಸಂಶೋಧನೆಗೆ ಹಣ ಸಿಗೋದೇ ಕಷ್ಟವಾಗಿತ್ತು. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆ ಕೆಲಸ ಶುರುವಾದಾಗ ಕೋವಿಡ್ ಅನ್ನುವ ಕಾಯಿಲೆಯೇ ಇರಲಿಲ್ಲ! ಒಂದು ಕಾಯಿಲೆಯ ಹೆಸರು ಬರೆದು ಅದಕ್ಕೆ ಮಾತ್ರ ಅಂತ ಕಟ್ಟಿಹಾಕಿದರೆ ಇಂಥ ಕೆಲಸಗಳಿಗೆ ಹಣ ಸಿಗೋದೇ ಇಲ್ಲ. ಕಿಡ್ನಿಗೆ ಮದ್ದು ಸಿಗೋದು ಕಿಡ್ನಿ ವಿಭಾಗದಿಂದಲೇ ಅಂತ ಯಾರು ಹೇಳೋದು?

ಉಯಿಲಿನ ಹಣದಿಂದ ಏನು ಬರುತ್ತದೆ ಅಂತ ಕೆಲವರು ಕೇಳುತ್ತಾರೆ. ಒಬ್ಬ ಎಳೆಯ ಸಂಶೋಧಕಿಯ ಸಂಬಳ ಬರುತ್ತದೆ. ರಕ್ತದ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿ ಇಡುವ ಫ್ರೀಜರ್ ಬರುತ್ತದೆ, ಆ ಫ್ರೀಜರ್ ಹತ್ತು ವರ್ಷ ನಿಲ್ಲದೆ ಓಡಲು ಬೇಕಾದ ಕರೆಂಟು ಬರುತ್ತದೆ. ಅಂಕಿಅಂಶ ನೋಡುವವರ ಸಮಯ ಬರುತ್ತದೆ. ಸುದ್ದಿಯಾಗದ ಖರ್ಚುಗಳಿವು, ಆದರೆ ಇವಿಲ್ಲದೆ ಏನೂ ನಡೆಯೋದಿಲ್ಲ. ಬ್ರಿಟನ್ನಿನ ಕ್ಯಾನ್ಸರ್ ರಿಸರ್ಚ್ ಯುಕೆಯಂಥ ಸಂಸ್ಥೆಗಳ ಆದಾಯದಲ್ಲಿ ಜನ ಉಯಿಲಿನಲ್ಲಿ ಬಿಟ್ಟುಹೋದ ಹಣದ್ದೇ ದೊಡ್ಡ ಪಾಲು, ಅದರಲ್ಲಿ ಬಹಳಷ್ಟು ಸಾಧಾರಣ ಮನೆಗಳಿಂದ ಬಂದದ್ದು. ಇನ್ನು ದೊಡ್ಡ ಆಸ್ತಿಯ ಉದಾಹರಣೆ ಬೇಕೆಂದರೆ ಹೆನ್ರಿ ವೆಲ್‌ಕಮ್ ಇದ್ದಾರೆ. 1936ರಲ್ಲಿ ತೀರಿಕೊಂಡ ಅವರು ತಮ್ಮ ಔಷಧಿ ಕಂಪನಿಯ ಷೇರುಗಳನ್ನೆಲ್ಲ ಉಯಿಲಿನ ಮೂಲಕ ಟ್ರಸ್ಟಿಗಳಿಗೆ ಒಪ್ಪಿಸಿದರು. ಆ ವೆಲ್‌ಕಮ್ ಟ್ರಸ್ಟಿನ ಹಣದಿಂದಲೇ ಬ್ರಿಟನ್ನಿನಲ್ಲಿ ಮನುಷ್ಯನ ಜೀನೋಮ್, ಅಂದರೆ ಜೀವಕೋಶದಲ್ಲಿರುವ ಪೂರ್ತಿ ಡಿಎನ್‌ಎ ಬರಹ, ಓದುವ ಕೆಲಸದ ಬಹುಪಾಲು ನಡೆಯಿತು. ಜೀನೋಮ್ ಅನ್ನೋದನ್ನು ಹೀಗೆ ಓದಬಹುದು ಅಂತ 1936ರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಬರೆಯದೇ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಹೋವರ್ಡ್ ಹ್ಯೂಸ್ ಇದ್ದಾರೆ. ಅಮೆರಿಕದ ಆ ಭಾರೀ ಶ್ರೀಮಂತರು 1953ರಲ್ಲೇ ತಮ್ಮ ಹೆಸರಿನ ವೈದ್ಯಕೀಯ ಸಂಶೋಧನಾ ಸಂಸ್ಥೆ ಕಟ್ಟಿ, ವಿಮಾನ ಕಂಪನಿಯ ಷೇರುಗಳನ್ನು ಅದಕ್ಕೆ ಕೊಟ್ಟಿದ್ದರು. 1976ರಲ್ಲಿ ಅವರು ತೀರಿಕೊಂಡಾಗ ಸರಿಯಾದ ಉಯಿಲು ಸಿಗಲೇ ಇಲ್ಲ. ಸಂಸ್ಥೆಗೆ ಆಸ್ತಿಯ ಕಾಲು ಭಾಗ ಅಂತ ಬರೆದಿದ್ದ ಒಂದು ಹಾಳೆ ಹೊರಗೆ ಬಂತು, 1978ರಲ್ಲಿ ಅದು ನಕಲಿ ಅಂತ ತೀರ್ಪಾಯಿತು. ವೈಯಕ್ತಿಕ ಆಸ್ತಿ ಸಂಬಂಧಿಕರ ನಡುವೆ ಹಂಚಿಹೋಯಿತು. ಬದುಕಿದ್ದಾಗ ಕೊಟ್ಟದ್ದು ಮಾತ್ರ ಸಂಸ್ಥೆಗೆ ಉಳಿಯಿತು.

ಸರಿ, ಆ ವಾಕ್ಯವನ್ನು ಬರೆಯೋಣ. ದೊಡ್ಡಮ್ಮನ ಮಾತನ್ನೇ ತೆಗೆದುಕೊಂಡು ನಾನು ಹೀಗೆ ತಿದ್ದುತ್ತೇನೆ:

"ನನ್ನ ಸಾಲ, ಅಂತ್ಯಕ್ರಿಯೆಯ ಖರ್ಚು, ತೆರಿಗೆ ಮತ್ತು ಮೇಲೆ ಹೇಳಿದ ಕೊಡುಗೆಗಳು ಕಳೆದು ಉಳಿಯುವ ಎಲ್ಲ ಆಸ್ತಿಯ ಐದನೇ ಒಂದು ಪಾಲನ್ನು, ಇಂಥ ನೋಂದಣಿ ಸಂಖ್ಯೆಯ, ಇಂಥ ವಿಳಾಸದ, ಇಂಥ ಸಂಸ್ಥೆಗೆ ವೈದ್ಯಕೀಯ ಸಂಶೋಧನೆಗಾಗಿ ಕೊಡುತ್ತೇನೆ. ಸಾಧ್ಯವಾದರೆ ಕಿಡ್ನಿ ಕಾಯಿಲೆಯ ಸಂಶೋಧನೆಗೆ ಬಳಸಲಿ ಎಂಬುದು ನನ್ನ ಆಸೆ, ಇದು ಕಡ್ಡಾಯವಲ್ಲ. ನಾನು ಸಾಯುವ ಹೊತ್ತಿಗೆ ಆ ಸಂಸ್ಥೆ ಬೇರೆಯದರ ಜೊತೆ ಸೇರಿದ್ದರೆ ಈ ಪಾಲು ಆ ಹೊಸ ಸಂಸ್ಥೆಗೆ ಸೇರಲಿ. ಮುಚ್ಚಿಹೋಗಿದ್ದರೆ, ಅದೇ ಬಗೆಯ ಕೆಲಸ ಮಾಡುವ ಇನ್ನೊಂದು ಸಂಸ್ಥೆಯನ್ನು ಈ ಉಯಿಲು ಜಾರಿ ಮಾಡುವವರು ಆರಿಸಲಿ. ಸಂಸ್ಥೆಯ ಖಜಾಂಚಿ ಕೊಡುವ ರಸೀದಿ ಸಾಕು."

ಉದ್ದ ಆಯಿತು ಅನ್ನಿಸಬಹುದು. ಒಂದೊಂದು ತುಂಡಿಗೂ ಕೆಲಸ ಇದೆ. "ಉಳಿಯುವ ಎಲ್ಲ ಆಸ್ತಿ" ಅಂದಾಗ ಮನೆ ಸೇರುತ್ತಾ ಇಲ್ಲವಾ ಅನ್ನುವ ಪ್ರಶ್ನೆ ಮುಗಿಯಿತು. "ಆಸೆ, ಕಡ್ಡಾಯವಲ್ಲ" ಅನ್ನೋದು ದೊಡ್ಡಪ್ಪನ ನೆನಪನ್ನೂ ಉಳಿಸುತ್ತದೆ, ಸಂಶೋಧಕರ ಕೈಯನ್ನೂ ಕಟ್ಟೋದಿಲ್ಲ. ರಸೀದಿಯ ಸಾಲು ಜಾರಿ ಮಾಡುವವರಿಗಾಗಿ. ಹಣ ಕೊಟ್ಟ ಮೇಲೆ ಅವರ ಜವಾಬ್ದಾರಿ ಮುಗಿಯಿತು ಅನ್ನೋದಕ್ಕೆ ಆಧಾರ. ಇದನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ದೇಶದ ಕಾನೂನು ಗೊತ್ತಿರುವ ವಕೀಲರಿಗೆ ತೋರಿಸಿ, ಅವರು ಒಂದೆರಡು ಪದ ಬದಲಿಸಬಹುದು.

ಕಾನೂನು ಅಂದಾಗ ಕೆಲವು ಮಾತು. ಎಲ್ಲ ಕಡೆಯೂ ಪೂರ್ತಿ ಆಸ್ತಿಯನ್ನು ಬೇಕಾದವರಿಗೆ ಬರೆಯಲು ಬಿಡೋದಿಲ್ಲ. ಫ್ರಾನ್ಸಿನಲ್ಲಿ ಒಂದು ಮಗುವಿದ್ದರೆ ಅರ್ಧ, ಇಬ್ಬರಿದ್ದರೆ ಮೂರರಲ್ಲಿ ಎರಡು, ಮೂವರು ಅಥವಾ ಜಾಸ್ತಿ ಇದ್ದರೆ ನಾಲ್ಕರಲ್ಲಿ ಮೂರು ಪಾಲು ಮಕ್ಕಳಿಗೇ ಮೀಸಲು. ಇಸ್ಲಾಮಿ ಕಾನೂನಿನಲ್ಲಿ ಉಯಿಲಿನ ಮೂಲಕ ಕೊಡಬಹುದಾದದ್ದು ಸಾಮಾನ್ಯವಾಗಿ ಮೂರನೇ ಒಂದು ಭಾಗದವರೆಗೆ. ಬ್ರಿಟನ್ನಿನಲ್ಲಿ ದತ್ತಿ ಸಂಸ್ಥೆಗೆ ಬಿಟ್ಟದ್ದಕ್ಕೆ ವಾರಸಾ ತೆರಿಗೆ ಇಲ್ಲ. ತೆರಿಗೆಗೆ ಒಳಪಡುವ ಆಸ್ತಿಯಲ್ಲಿ ಶೇಕಡಾ 10 ಅಥವಾ ಜಾಸ್ತಿ ಹೀಗೆ ಬಿಟ್ಟರೆ ಉಳಿದದ್ದರ ಮೇಲಿನ ತೆರಿಗೆ ಶೇಕಡಾ 40ರಿಂದ 36ಕ್ಕೆ ಇಳಿಯುತ್ತದೆ. ವಿಮೆ, ಪಿಂಚಣಿ ಹಣ ಅನೇಕ ದೇಶಗಳಲ್ಲಿ ಉಯಿಲಿನ ಮಾತು ಕೇಳೋದಿಲ್ಲ, ಆ ಫಾರಂನಲ್ಲಿ ಯಾರ ಹೆಸರಿದೆಯೋ ಅವರಿಗೆ ಹೋಗುತ್ತದೆ. ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು.

ಸಾಕ್ಷಿಗಳ ವಿಷಯದಲ್ಲಿ ಎಚ್ಚರ ಇರಲಿ. ಉಯಿಲಿನಿಂದ ಏನಾದರೂ ಪಡೆಯುವವರು ಸಾಕ್ಷಿಯಾಗಿ ಸಹಿ ಹಾಕಿದರೆ, ಅನೇಕ ಕಡೆ ಅವರ ಪಾಲು ಬಿದ್ದುಹೋಗುತ್ತದೆ. ಹಣ ಪಡೆಯುವ ಸಂಸ್ಥೆಯ ನೌಕರರನ್ನೂ ಸಾಕ್ಷಿಗೆ ಕರೆಯಬೇಡಿ, ಅವರ ಕೈಯಲ್ಲಿ ಉಯಿಲು ಬರೆಸಲೂ ಬೇಡಿ. ನಾಳೆ ಯಾರಾದರೂ ಒತ್ತಾಯ ಮಾಡಿ ಬರೆಸಿಕೊಂಡರು ಅಂದರೆ ಉತ್ತರ ಕೊಡಲು ನೀವಿರೋದಿಲ್ಲ.

ದೇಹದಾನವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳೋರು ಬಹಳ. ದೇಹ ಅಥವಾ ಮೆದುಳನ್ನು ಸಂಶೋಧನೆಗೆ ಕೊಡುವ ಆಸೆಯನ್ನು ಉಯಿಲಿನಲ್ಲಿ ಮಾತ್ರ ಬರೆದಿಟ್ಟರೆ ಪ್ರಯೋಜನ ಇಲ್ಲ. ಉಯಿಲು ತೆಗೆದು ಓದುವಷ್ಟರಲ್ಲಿ ಅಂತ್ಯಕ್ರಿಯೆ ಮುಗಿದಿರುತ್ತದೆ. ನಮ್ಮ ದೊಡ್ಡಮ್ಮನ ಉಯಿಲು ಸಿಗಲು ಮೂರು ತಿಂಗಳಾಯಿತಲ್ಲ? ಮೆದುಳನ್ನು ಒಂದೆರಡು ದಿನದೊಳಗೆ ತೆಗೆದರೇ ಸಂಶೋಧನೆಗೆ ಹೆಚ್ಚು ಉಪಯೋಗ. ಹಾಗಾಗಿ ಅದಕ್ಕೆ ಬದುಕಿದ್ದಾಗಲೇ ಆಯಾ ಸಂಸ್ಥೆಯಲ್ಲಿ ಹೆಸರು ಬರೆಸಿ, ಮನೆಯವರಿಗೆ ಬಾಯಿಬಿಟ್ಟು ಹೇಳಿಡಬೇಕು.

ಮನೆಯವರಿಗೆ ಹೇಳೋದು ಹಣದ ವಿಷಯದಲ್ಲೂ ಬೇಕು. ನಾಲ್ಕು ಜನ ಕೂತಾಗ ಸುಮ್ನೆ ಒಂದು ಮಾತು ಹೇಳಿ: ಇಷ್ಟು ಪಾಲು ಇದಕ್ಕೆ ಬಿಟ್ಟಿದ್ದೇನೆ, ಕಾರಣ ಇದು. ಮುಖ ನೋಡಿ ಹೇಳಲು ಆಗದಿದ್ದರೆ ಉಯಿಲಿನ ಜೊತೆ ಒಂದು ಪತ್ರ ಬರೆದಿಡಿ. ಅದಕ್ಕೆ ಕಾನೂನಿನ ಬಲ ಇರೋದಿಲ್ಲ, ಆದರೆ ಓದಿದವರ ಮನಸ್ಸಿನಲ್ಲಿ ಅನುಮಾನ ಉಳಿಯೋದಿಲ್ಲ. ಒಮ್ಮೆ ಬರೆದರೆ ಮುಗಿಯಿತು ಅಂತಲೂ ಇಲ್ಲ. ಬುದ್ಧಿ ಸ್ಥಿಮಿತದಲ್ಲಿ ಇರುವವರೆಗೂ ಬದಲಿಸಬಹುದು. ಸಣ್ಣ ಬದಲಾವಣೆಗೆ ಪೂರಕ ಉಯಿಲು ಬರೆದರೆ ಸಾಕು, ಅದಕ್ಕೂ ಅದೇ ಥರ ಸಾಕ್ಷಿಗಳು ಬೇಕು. ಹಳೇ ಹಾಳೆಯ ಮೇಲೆ ಪೆನ್ನಲ್ಲಿ ಹೊಡೆದು ತಿದ್ದಬೇಡಿ.

ಮೂಲ ಪ್ರತಿ ಎಲ್ಲಿದೆ ಅಂತ ಜಾರಿ ಮಾಡುವವರಿಗೆ ಗೊತ್ತಿರಬೇಕು. ನನ್ನದು ವಕೀಲರ ಹತ್ತಿರ ಇದೆ, ಒಂದು ನಕಲು ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ತಂಗಿಯನ್ನು ಕರೆದು, ಡ್ರಾಯರ್ ಎಳೆದು ತೋರಿಸಿದ್ದೇನೆ. ನಕಲನ್ನು ದೊಡ್ಡಪ್ಪನ ಅದೇ ಎಕ್ಸ್‌ರೇ ಕವರಿನಲ್ಲೇ ಹಾಕಿಟ್ಟಿದ್ದೇನೆ. ಈ ಸಲ ಕವರಿನ ಮೇಲೆ ದೊಡ್ಡ ಅಕ್ಷರದಲ್ಲಿ "ಉಯಿಲು" ಅಂತ ಬರೆದಿದ್ದೇನೆ.